ಗಾಳಿಗೆ ಬಿಟ್ಟ ಕೊಳವೆ, ಚರಂಡಿಗೆ ಸುರಿದ ಎಣ್ಣೆ

ಕಾರಿನ ಎಂಜಿನ್ನಿಗೆ ಮನೆಯಲ್ಲೇ ತಯಾರಿಸಿದ ‘ಆಯಿಲ್ ಕ್ಯಾಚ್ ಟ್ಯಾಂಕ್’ ಜೋಡಿಸಿಕೊಳ್ಳುವ ಹವ್ಯಾಸ ತರುಣರನ್ನು ಸೆಳೆಯುತ್ತಿದೆ. ಇದರಿಂದ ಎಂಜಿನ್ ಶುಚಿಯಾಗಿರುತ್ತದೆ, ಪರಿಸರಕ್ಕೂ ಒಳ್ಳೆಯದು ಎಂಬುದು ಅವರ ವಾದ. ಈ ವಾದ ಅರ್ಧ ಸತ್ಯ. ಉಳಿದರ್ಧದ ಬೆಲೆಯನ್ನು ತೆರುವುದು ನಮ್ಮ ಗಾಳಿ ಮತ್ತು ನೀರು.

ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ದಹನಾನಿಲ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದರಲ್ಲಿ ಎಣ್ಣೆಯ ತುಂತುರು, ನೀರಾವಿ ಮತ್ತು ಉರಿಯದ ಇಂಧನ ಬೆರೆತಿರುತ್ತವೆ. ಹಿಂದೆ ಇದನ್ನು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡಲಾಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಹೊಸ ಕಾರುಗಳಲ್ಲಿ ಈ ಅನಿಲವನ್ನು ಮರಳಿ ಎಂಜಿನ್ನಿಗೇ ಕಳುಹಿಸಿ ಸುಡುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಪೆಟ್ರೋಲ್ ಕಾರುಗಳಿಗೆ ಅನ್ವಯಿಸುವ ನಮ್ಮ ಭಾರತ್ ಸ್ಟೇಜ್ ಮಾನದಂಡಗಳೂ ಈ ಅನಿಲ ಹೊರಬೀಳುವುದನ್ನು ಒಪ್ಪುವುದಿಲ್ಲ.

ಮರಳುವ ಆ ಹಾದಿಯಲ್ಲಿ ಡಬ್ಬಿಯೊಂದನ್ನಿಟ್ಟು ಎಣ್ಣೆಯನ್ನು ಹಿಡಿಯುವುದೇ ಕ್ಯಾಚ್ ಟ್ಯಾಂಕಿನ ಕೆಲಸ. ಕೈಯಾರೆ ಮಾಡುವುದು ತಪ್ಪಲ್ಲ; ಅರಿತು ಮಾಡಬೇಕು. ಡಬ್ಬಿ ಲೋಹದ್ದಾಗಿರಲಿ, ಪ್ಲಾಸ್ಟಿಕ್ ಬಾಟಲಿ ಶಾಖಕ್ಕೆ ಮೆತ್ತಗಾಗಿ ಎಂಜಿನ್ನಿನ ಸೆಳೆತಕ್ಕೆ ಕುಗ್ಗುತ್ತದೆ. ಒಳಗೆ ಅಡ್ಡತಗಡು, ಜಾಲರಿಗಳಿದ್ದರೆ ತುಂತುರು ಅವಕ್ಕೆ ತಾಗಿ ಹನಿಯಾಗುತ್ತದೆ. ಬಿಡಿ ಉಕ್ಕಿನ ನಾರು ತುರುಕಿದರೆ ಅದರ ಎಳೆ ಎಂಜಿನ್ ಸೇರೀತು. ತೋಟದ ಪೈಪು ಸಲ್ಲದು. ಎಣ್ಣೆ ತಾಳುವ ಕೊಳವೆಯೇ ಬೇಕು. ಸೈಲೆನ್ಸರ್ ಕೊಳವೆಯ ಶಾಖದಿಂದ ದೂರವಿಟ್ಟು ಬಿಗಿಯಬೇಕು. ಡಬ್ಬಿ ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಸೀಲುಗಳು ಸೋರುತ್ತವೆ. ತುಂಬಿ ಉಕ್ಕಿದರೆ ಎಣ್ಣೆ ಎಂಜಿನ್ನಿಗೇ ನುಗ್ಗುತ್ತದೆ. ಆದ್ದರಿಂದ ಆಗಾಗ್ಗೆ ತೆರೆದು ನೋಡಲೇಬೇಕು. ಸವೆದ ರಿಂಗುಗಳಿಗಂತೂ ಇದು ಮದ್ದಲ್ಲ. ರೋಗವನ್ನು ಮುಚ್ಚಿಡುವ ಬಟ್ಟೆಯಷ್ಟೆ.

ನಮ್ಮ ತಕರಾರು ಡಬ್ಬಿಯ ಮೇಲಲ್ಲ, ಎರಡು ದುರಭ್ಯಾಸಗಳ ಮೇಲೆ. ಮೊದಲನೆಯದು, ಹೊರಕೊಳವೆಯನ್ನು ಎಂಜಿನ್ನಿಗೆ ಮರಳಿಸದೆ ಗಾಳಿಗೆ ಬಿಡುವುದು. ಅರವತ್ತು ವರ್ಷಗಳ ಹಿಂದೆಯೇ ತಿದ್ದಿದ ತಪ್ಪನ್ನು ಮತ್ತೆ ಮಾಡಿ ‘ಸುಧಾರಣೆ’ ಎಂದು ಕರೆಯುವುದು ಎಂಥ ನ್ಯಾಯ? ಎರಡನೆಯದು, ತುಂಬಿದ ಡಬ್ಬಿಯನ್ನು ರಸ್ತೆಬದಿಗೆ ಸುರಿಯುವುದು. ಮಳೆ-ಚಳಿಗಾಲದಲ್ಲಿ ಅದರಲ್ಲಿ ಮಜ್ಜಿಗೆ ಬಣ್ಣದ ರಾಡಿ ಕೂಡುತ್ತದೆ. ನೀರು, ಇಂಧನ, ಆಮ್ಲ ಬೆರೆತ ಆ ಎಣ್ಣೆ ಮರಳಿ ಎಂಜಿನ್ನಿಗೂ ಸಲ್ಲದು, ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯಲೂ ಸಲ್ಲದು. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳನ್ನು ಮಡಿಲಲ್ಲಿಟ್ಟುಕೊಂಡ ನಾಡು ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕು. ಇಲ್ಲಿ ಚರಂಡಿಗೆ ಬಿದ್ದ ಎಣ್ಣೆ ಮೊದಲ ಮಳೆಗೇ ಹಳ್ಳ-ಕೆರೆಗಳ ದಾರಿ ಹಿಡಿಯುತ್ತದೆ. ನೀರಿನ ಮೇಲೆ ಹರಡಿದ ಅದರ ಪೊರೆ ಗಾಳಿಯನ್ನು ತಡೆದು ಜಲಚರಗಳ ಉಸಿರು ಕಟ್ಟಿಸುತ್ತದೆ.

‘ಕಾಡು ನೋಡಲು ಬರುವ ಪ್ರವಾಸಿಗಳ ಕಾರುಗಳನ್ನು ಬಿಟ್ಟು ನಮ್ಮ ಹಳೆಯ ಜೀಪನ್ನೇಕೆ ಹಿಡಿಯುತ್ತೀರಿ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರವಾಸಿ ಮರುದಿನ ಊರಿಗೆ ಮರಳುತ್ತಾನೆ. ಈ ನೀರನ್ನು ಕುಡಿಯುವವರು ನಾವು, ನಮ್ಮ ದನಕರುಗಳು. ಇಡೀ ಹೊಣೆ ಬಡ ಚಾಲಕನದೂ ಅಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಆಯಿಲ್ ಉತ್ಪಾದಕರ ಮೇಲೂ ಹೊರಿಸಿದೆ. ಕಾಗದದ ಮೇಲಿನ ಆ ಹೊಣೆ ಹಳ್ಳಿಯ ಗ್ಯಾರೇಜಿನವರೆಗೆ ಇಳಿದು ಬರಬೇಡವೇ?

ಆದ್ದರಿಂದ ನಮ್ಮ ಆಗ್ರಹ ಇಷ್ಟು: ಹ್ಯಾಂಡ್‌ಪೋಸ್ಟಿನಂಥ ಪ್ರತಿ ಕೂಡುರಸ್ತೆಯಲ್ಲೂ ಬಳಸಿದ ಆಯಿಲ್ ಸಂಗ್ರಹಿಸುವ ಮುಚ್ಚಿದ ಪೀಪಾಯಿ ಇರಲಿ, ಅದನ್ನು ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಸಾಗಿಸುವುದನ್ನು ಸ್ಥಳೀಯ ಸಂಸ್ಥೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಖಚಿತಪಡಿಸಲಿ. ಅಲ್ಲಿಯವರೆಗೆ, ವಿದ್ಯಾರ್ಥಿ ಮಿತ್ರರೇ, ಡಬ್ಬಿ ಕಟ್ಟುವವರು ಕೊಳವೆಯನ್ನು ಎಂಜಿನ್ನಿಗೇ ಮರಳಿಸಿ. ಹಿಡಿದ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕಾದಿಡಿ. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ, ದಾರಿ ತೋರಿಸುವ ಕಂಬ. ಅದು ತೋರಿಸುವ ದಾರಿ ಕೆರೆಯ ಕಡೆಗಿನ ಎಣ್ಣೆಯ ದಾರಿಯಾಗದಿರಲಿ.