ಶಾಲೆಯ ಅಂಗಳಕ್ಕೊಂದು ಕಾಡುಬಸಳೆ

ಪ್ರತಿ ವರ್ಷ ಮುಂಗಾರು ಕಾಲಿಟ್ಟೊಡನೆ ನಮ್ಮ ಶಾಲೆ ಕಾಲೇಜುಗಳ ಅಂಗಳದಲ್ಲಿ ಸಸಿ ನೆಡುವ ಸಮಾರಂಭ ನಡೆಯುತ್ತದೆ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಇದು ನಾಡಿನ ವಾರ್ಷಿಕ ವಿಧಿಯಾಗಿದೆ. ಉದ್ದೇಶವು ಉದಾತ್ತವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ ಆ ಸಸಿಗಳ ನಿಜವಾದ ಪರೀಕ್ಷೆ ನಡೆಯುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಆಗ ಉಷ್ಣತೆಯು 42 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು ಸಾಮಾನ್ಯ, ನೀರಿಗೆ ಅಭಾವ, ಅದೇ ಹೊತ್ತಿಗೆ ಶಾಲೆಗೆ ಬೇಸಿಗೆಯ ರಜೆ. ನೀರೆರೆಯುವ ಕೈಗಳೇ ಇಲ್ಲದಾಗ ಸಸಿಯು ಬದುಕುವುದಾದರೂ ಹೇಗೆ?

ಮರಗಳನ್ನು ನೆಡುವುದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬಿಸಿಲ ನಾಡಿನ ಶಾಲೆಯೊಂದು ತನ್ನ ಕೈತೋಟವನ್ನು ರಜೆಯನ್ನು ತಾಳಬಲ್ಲ ಗಿಡದಿಂದ ಆರಂಭಿಸಬೇಕು, ಆ ಗಿಡವು ವಿಜ್ಞಾನದ ಪಾಠಕ್ಕೂ ಒದಗಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಎರಡು ಕೆಲಸಗಳನ್ನೂ ಮಾಡಬಲ್ಲ ಗಿಡವೊಂದು ನಮ್ಮಲ್ಲಿ ಅನೇಕರ ಹಿತ್ತಿಲಲ್ಲಿಯೇ ಇದೆ. ಅದೇ ಕಾಡುಬಸಳೆ. ಹಿಂದಿ ಉರ್ದು ಬಲ್ಲವರು ಇದನ್ನು ಪತ್ಥರ್‌ಚಟ್ಟಾ ಎನ್ನುವುದುಂಟು. ದಪ್ಪನೆಯ, ರಸಭರಿತವಾದ ಎಲೆಗಳು. ಎಲೆಯ ಅಂಚಿನ ಕಚ್ಚುಗಳಲ್ಲಿ ಹುಟ್ಟುವ ಮರಿಗಿಡಗಳು. ಚಳಿಗಾಲದ ಸುಮಾರಿಗೆ ನೀಳವಾದ ಕಾಂಡದ ತುದಿಯಲ್ಲಿ ಪುಟ್ಟ ಲಾಂದ್ರಗಳಂತೆ ತೂಗಾಡುವ ಹಸುರು ಮಿಶ್ರಿತ ಕೆಂಪು ಹೂಗಳು. ಜರ್ಮನಿಯ ಮಹಾಕವಿ ಗಯಟೆಯು ಈ ಗಿಡದಲ್ಲಿ ಬಹಳ ಆಸಕ್ತಿ ತಳೆದು, ಅದರ ಮರಿಗಳನ್ನು ಗೆಳೆಯರಿಗೆ ಹಂಚುತ್ತಿದ್ದನು.

ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರವಾದ ಕಥೆಯೊಂದಿದೆ. 19ನೆಯ ಶತಮಾನದ ಮೊದಲಲ್ಲಿ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿಯು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ದಕ್ಷಿಣ ಭಾರತದಲ್ಲಿದ್ದನು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಅವನ ಕೈಯಲ್ಲಿತ್ತು. ಕಾಡುಬಸಳೆಯ ಎಲೆಯು ಬೆಳಿಗ್ಗೆ ಬಹಳ ಹುಳಿಯಾಗಿಯೂ, ಮಧ್ಯಾಹ್ನ ರುಚಿಹೀನವಾಗಿಯೂ, ಸಂಜೆ ತುಸು ಕಹಿಯಾಗಿಯೂ ಇರುತ್ತದೆಂಬುದನ್ನು ಅವನು ಗುರುತಿಸಿದನು. ಈ ವಿಷಯವನ್ನು ತಿಳಿಸಿದ ಅವನ ಪತ್ರವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿಯು 1815ರಲ್ಲಿ ಪ್ರಕಟಿಸಿತು. ಅವನ ಉಪಕರಣವೆಂದರೆ ತನ್ನ ನಾಲಗೆಯೊಂದೇ. ಇಂದು ವಿಜ್ಞಾನಿಗಳು ಕ್ರಾಸುಲೇಸಿಯನ್ ಆಮ್ಲ ಚಯಾಪಚಯವೆಂದು ಕರೆಯುವ ಮಹತ್ವದ ಕ್ರಿಯೆಯ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಆ ಹುಳಿಯ ರಹಸ್ಯವೇನು? ಆಹಾರವನ್ನು ತಯಾರಿಸಿಕೊಳ್ಳಲು ಗಿಡಕ್ಕೆ ಗಾಳಿಯಿಂದ ಇಂಗಾಲದ ಡೈಆಕ್ಸೈಡು ಬೇಕು. ಅದಕ್ಕಾಗಿ ಎಲೆಯ ಸೂಕ್ಷ್ಮ ರಂಧ್ರಗಳು ತೆರೆಯಬೇಕು. ರಂಧ್ರಗಳು ತೆರೆದರೆ ಎಲೆಯೊಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಈ ನಷ್ಟವು ಎಷ್ಟೆಂಬುದಕ್ಕೆ ಭೌತಶಾಸ್ತ್ರವು ಲೆಕ್ಕ ಕೊಡುತ್ತದೆ. ನೀರಾವಿಯ ಸಂತೃಪ್ತ ಒತ್ತಡವು 42 ಡಿಗ್ರಿಯಲ್ಲಿ ಸುಮಾರು 61 ಮಿಲಿಮೀಟರು ಪಾದರಸದಷ್ಟು; 27 ಡಿಗ್ರಿಯಲ್ಲಿ ಸುಮಾರು 27 ಮಿಲಿಮೀಟರು ಮಾತ್ರ. ಹೊರಗಿನ ಒಣಗಾಳಿಯಲ್ಲಿ ಹಗಲೂ ರಾತ್ರಿಯೂ 12 ಮಿಲಿಮೀಟರಿನಷ್ಟು ಆವಿಯಿದೆಯೆಂದು ಇಟ್ಟುಕೊಳ್ಳೋಣ. ಎಲೆಯ ಒಳಭಾಗಕ್ಕೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸವು ಹಗಲಲ್ಲಿ 49, ರಾತ್ರಿಯಲ್ಲಿ 15. ಅಂದರೆ ರಂಧ್ರಗಳನ್ನು ರಾತ್ರಿ ತೆರೆದರೆ ನೀರಿನ ವೆಚ್ಚವು ಹಗಲಿನ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಕಾಡುಬಸಳೆಯು ಮಾಡುವುದು ಇದನ್ನೇ. ಹಗಲು ಬಾಗಿಲು ಮುಚ್ಚಿ, ರಾತ್ರಿ ತೆರೆದು, ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯಲ್ಲಿ ಕೂಡಿಡುತ್ತದೆ. ಬೆಳಗಾದೊಡನೆ ಆ ಆಮ್ಲವು ಒಡೆದು ಅನಿಲವು ಬಿಡುಗಡೆಯಾಗುತ್ತದೆ. ಸೂರ್ಯನ ಬೆಳಕಿನ ನೆರವಿನಿಂದ ಅದು ಸಕ್ಕರೆಯಾಗುತ್ತದೆ. ಮುಂಜಾವಿನ ಹುಳಿಯು ಸಂಜೆಗೆ ಮಾಯವಾಗುವುದು ಈ ಕಾರಣದಿಂದ.

ಈ ಲೆಕ್ಕವನ್ನು ತಿಳಿದವರಿಗೆ ಗಿಡದ ಆರೈಕೆಯು ತಾನಾಗಿಯೇ ತಿಳಿಯುತ್ತದೆ. ನೀರನ್ನು ಇಷ್ಟು ಜಾಣತನದಿಂದ ಉಳಿಸುವ ಗಿಡಕ್ಕೆ ನಿತ್ಯವೂ ಕೊಡಗಟ್ಟಲೆ ನೀರು ಸುರಿಯುವುದು ಉಪಕಾರವಲ್ಲ. ನಮ್ಮ ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮವಾದುವು. ಅವುಗಳ ಸಂದುಗಳಲ್ಲಿ ನೀರು ಹಿಡಿದು ನಿಲ್ಲುತ್ತದೆ, ಗಾಳಿಯಾಡುವುದಿಲ್ಲ, ಬೇರು ಕೊಳೆಯುತ್ತದೆ. ಆದಕಾರಣ ಒಂದು ಪಾಲು ಎರೆಮಣ್ಣಿಗೆ ಎರಡು ಪಾಲು ದಪ್ಪ ಮರಳನ್ನೂ ಇಟ್ಟಿಗೆಯ ಚೂರುಗಳನ್ನೂ, ಸ್ವಲ್ಪ ಕಳಿತ ಗೊಬ್ಬರವನ್ನೂ ಬೆರೆಸಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಬಲಿತ ಎಲೆಯೊಂದನ್ನು ಆ ಮಣ್ಣಿನ ಮೇಲೆ ಮಲಗಿಸಿದರೆ ಸಾಕು, ಅಂಚಿನಿಂದ ಮರಿಗಳು ಹೊರಡುತ್ತವೆ. ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆಯೇ ಮತ್ತೆ ನೀರು. ಬೇಸಿಗೆಯಲ್ಲಿ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಸ್ಥಳದಲ್ಲಿಡಬೇಕು. ಶಹಾಬಾದಿ ಫರ್ಸಿಯ ಮೇಲೆ ಕುಂಡವನ್ನು ನೇರವಾಗಿ ಇಡದಿರುವುದು ಲೇಸು. ಬಿಸಿಲಿನಲ್ಲಿ ಕಾದ ಕಲ್ಲು ಆ ಕಾವನ್ನು ರಾತ್ರಿಯೂ ಬಿಡುತ್ತಿರುತ್ತದೆ. ರಸ್ತೆಯ ಧೂಳು ಎಲೆಯ ಮೇಲೆ ಕುಳಿತರೆ ಬೆಳಕಿಗೆ ಅಡ್ಡಿ. ಆಗಾಗ ಒದ್ದೆ ಬಟ್ಟೆಯಿಂದ ಒರಸಬೇಕು. ರಜೆಯಲ್ಲಿ ಕಾವಲುಗಾರನು ಹದಿನೈದು ದಿನಕ್ಕೊಮ್ಮೆ ಒಂದು ತಂಬಿಗೆ ನೀರೆರೆದರೆ ಗಿಡವು, ಕೆಳಗಿನ ಕೆಲವು ಎಲೆಗಳನ್ನು ಕಳೆದುಕೊಂಡರೂ, ಜೂನ್ ತಿಂಗಳನ್ನು ಕಾಣುತ್ತದೆ.

ಇನ್ನು ಪಾಠದ ಮಾತು. ಹೈನೆಯಂತೆ ಎಲೆಯನ್ನು ಅಗಿದು ನೋಡಬೇಕಾಗಿಲ್ಲ. ನೋಡಬಾರದು ಕೂಡ, ಏಕೆಂದರೆ ಇದರಲ್ಲಿ ದನಕರುಗಳಿಗೆ ವಿಷವಾಗಬಲ್ಲ ವಸ್ತುಗಳಿವೆ. ಸುಣ್ಣ ಅರಿಶಿನಗಳೇ ನಮಗೆ ಸಾಕು. ಅರಿಶಿನದ ನೀರಿನಲ್ಲಿ ಶೋಧಕ ಕಾಗದವನ್ನು ಅದ್ದಿ ಒಣಗಿಸಿಕೊಳ್ಳಿ. ಸೂರ್ಯೋದಯಕ್ಕೆ ಮೊದಲು ಕಿತ್ತ ಎಲೆಯಿಂದ ಒಂದು ಗ್ರಾಂ ತೂಗಿ, ಅರೆದು, ಅಳತೆಯ ನೀರು ಬೆರೆಸಿ ಸೋಸಿ. ಅದಕ್ಕೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಸೇರಿಸುತ್ತ, ಎರಡೆರಡು ಹನಿಗೊಮ್ಮೆ ಆ ರಸವನ್ನು ಅರಿಶಿನದ ಕಾಗದಕ್ಕೆ ಮುಟ್ಟಿಸಿ. ಹಳದಿಯು ಕೆಂಪಾಗುವವರೆಗೆ ಎಷ್ಟು ಹನಿ ಬೇಕಾಯಿತೆಂದು ಬರೆದಿಡಿ. ಸಂಜೆ ನಾಲ್ಕರ ಎಲೆಯಿಂದಲೂ ಇದನ್ನೇ ಮಾಡಿ. ಬೆಳಗಿನ ಎಲೆಯು ಹೆಚ್ಚು ಸುಣ್ಣದ ನೀರನ್ನು ಬೇಡುವುದು ಕಣ್ಣಿಗೆ ಕಾಣುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಮಾತ್ರ ಎಚ್ಚರವಿರಲಿ.

ಇಲ್ಲಿಗೆ ನಿಲ್ಲಬಾರದು. ಕಾದ ಮಾಳಿಗೆಯ ಮೇಲಿನ ಗಿಡಕ್ಕೂ ಬೇವಿನ ಮರದ ಕೆಳಗಿನ ಗಿಡಕ್ಕೂ ಹನಿಗಳ ಲೆಕ್ಕದಲ್ಲಿ ವ್ಯತ್ಯಾಸವುಂಟೆ? ಜನವರಿಗೂ ಏಪ್ರಿಲ್ಲಿಗೂ? ಚಿತ್ತಾಪುರದ ರಾತ್ರಿಗಳ ಬಗೆಗಿನ ಈ ಅಂಕೆಗಳನ್ನು ಪಠ್ಯಪುಸ್ತಕವು ಕೊಡಲಾರದು, ಅಳೆದವರೇ ಬರೆಯಬೇಕು.

ಇದು ಹೊರನಾಡಿನ ಗಿಡವೆಂಬ ಆಕ್ಷೇಪವನ್ನು ಕೆಲವರು ಎತ್ತಬಹುದು. ನಿಜ, ಇದರ ತವರು ಮಡಗಾಸ್ಕರ್. ಬಿದ್ದ ಎಲೆಯಿಂದಲೇ ಹಬ್ಬುವ ಸ್ವಭಾವವೂ ಇದಕ್ಕುಂಟು. ಆದ್ದರಿಂದ ಇದನ್ನು ಕುಂಡದಲ್ಲಿಯೇ ಬೆಳೆಸಬೇಕು. ಕಿತ್ತ ಎಲೆಗಳನ್ನು ಹೊಲದ ಬದುವಿಗಾಗಲಿ ಹಳ್ಳದ ದಂಡೆಗಾಗಲಿ ಎಸೆಯದೆ ಒಣಗಿಸಿ ಸುಡಬೇಕು. ದನಗಳಿಗೆ ಎಟುಕದಂತೆ ಇಡಬೇಕು. ಪಠ್ಯಕ್ರಮದಲ್ಲಿ ಇದಕ್ಕೆ ಅಂಕಗಳಿಲ್ಲವೆಂಬುದು ಇನ್ನೊಂದು ಆಕ್ಷೇಪ. ಆವಿಯ ಒತ್ತಡ, ಆಮ್ಲ ಕ್ಷಾರಗಳು, ದ್ಯುತಿಸಂಶ್ಲೇಷಣೆ ಈ ಮೂರೂ ಪಠ್ಯದಲ್ಲಿವೆ. ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಕುಳಿತಿವೆ, ಅಷ್ಟೆ. ಒಂದು ಎಲೆಯು ಅವನ್ನು ಒಟ್ಟುಗೂಡಿಸುತ್ತದೆ.

ವಿಜ್ಞಾನವೆಂಬುದು ದೂರದ ನಗರಗಳ ಬೆಲೆಬಾಳುವ ಯಂತ್ರಗಳಲ್ಲಿ ಮಾತ್ರ ಇದೆಯೆಂಬ ಭಾವನೆಯು ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳ ಉತ್ಸಾಹವನ್ನು ಕುಂದಿಸುತ್ತದೆ. ಒಂದು ಮಣ್ಣಿನ ಕುಂಡ, ಒಂದು ಎಲೆ, ಚಿಟಿಕೆ ಅರಿಶಿನ, ಸ್ವಲ್ಪ ಸುಣ್ಣ, ಇವು ಯಾವ ಶಾಲೆಗೂ ನಿಲುಕದ ವಸ್ತುಗಳಲ್ಲ. ಮುಂದಿನ ಮುಂಗಾರಿನಲ್ಲಿ ಸಸಿಗಳ ಸಾಲಿನ ಪಕ್ಕದಲ್ಲಿ ನಾಲ್ಕು ಕುಂಡಗಳಿಗೂ ಎಡೆಯಿರಲಿ; ಅವುಗಳ ಜೊತೆಗೆ ಹನಿಗಳ ಲೆಕ್ಕ ಬರೆಯುವ ಒಂದು ಪುಸ್ತಕವೂ ಇರಲಿ.