ಎಳೆಯರ ಕೈಗೆ ಮಾದರಿ ರೈಲು

ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥದ ಸುತ್ತಲಿನ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಕ್ಕಳ ಕೈಗಳಿಗೆ ಬಿಡುವಿಲ್ಲ. ಮಣ್ಣನ್ನು ಹದಮಾಡಿ ಅವರು ಜೋಡೆತ್ತುಗಳನ್ನು ರೂಪಿಸುತ್ತಾರೆ. ಅಜ್ಜಂದಿರು ಪಕ್ಕದಲ್ಲಿ ಕುಳಿತು ಕೋಡು, ಇಣಿಗಳನ್ನು ತಿದ್ದಿಕೊಡುತ್ತಾರೆ. ಜೋಳದ ದಂಟಿನಿಂದ ಚಕ್ಕಡಿ ಕಟ್ಟುವುದೂ ಇಂಥದೇ ಆಟ. ದೊಡ್ಡದನ್ನು ಚಿಕ್ಕದಾಗಿ ಮಾಡಿ ಅರಿಯಬೇಕೆಂಬ ಬಯಕೆ ಮಕ್ಕಳಿಗೆ ಸಹಜವಾದುದು. ಮಾದರಿ ರೈಲು ಕಟ್ಟುವ ಹವ್ಯಾಸವೂ ಈ ಬಯಕೆಯ ಫಲವೇ ಆಗಿದೆ.

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:87. ಸುಮಾರು 21 ಮೀಟರ್ ಉದ್ದದ ಬೋಗಿ ಇಲ್ಲಿ 24 ಸೆಂಟಿಮೀಟರಿಗೆ ಇಳಿಯುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಹಳಿಗಳ ಮೂಲಕವೇ 12 ವೋಲ್ಟಿನ ವಿದ್ಯುತ್ತು ಎಂಜಿನ್ನಿಗೆ ಹರಿಯುತ್ತದೆ. ಧನ, ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಚಲಿಸುತ್ತದೆ. ಪುಸ್ತಕದಲ್ಲಿ ಓದಿದ ಅನುಪಾತವೂ ವಿದ್ಯುತ್ತಿನ ಪಾಠವೂ ಇಲ್ಲಿ ಕಣ್ಣೆದುರಿಗೆ ಓಡಾಡುತ್ತವೆ.

ಆದರೂ ಈ ಹವ್ಯಾಸಕ್ಕೆ ಎಳೆಯರು ಬರುತ್ತಿಲ್ಲವೆಂಬುದು ಹಿರಿಯ ಹವ್ಯಾಸಿಗಳ ಕೊರಗು. ನೋಡುವ ಸ್ಥಳಗಳಿಗೇನೂ ಕೊರತೆಯಿಲ್ಲ. ಮೈಸೂರಿನಲ್ಲಿ 1979ರಲ್ಲಿ ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು. ಪುಣೆಯಲ್ಲಿ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. 2020ರಲ್ಲಿ ಹುಬ್ಬಳ್ಳಿಯಲ್ಲಿಯೂ ರೈಲು ಸಂಗ್ರಹಾಲಯವೊಂದು ತಲೆಯೆತ್ತಿತು. ಅಲ್ಲಿನ ಎರಡು ಹಳೆಯ ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂಬ ನದಿಗಳ ಹೆಸರುಗಳಿವೆ. ಇವೆಲ್ಲವೂ ಬೇಕಾದುವೇ. ಆದರೆ ನೋಡಿದವನಿಗೆ ಬೆರಗು ಮೂಡುತ್ತದೆ. ಮಾಡಿದವನಿಗೆ ಮಾತ್ರ ಹವ್ಯಾಸ ಹತ್ತುತ್ತದೆ. ಮಣ್ಣೆತ್ತನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದರೆ ಆ ಕಲೆ ಇಂದಿನವರೆಗೆ ಉಳಿಯುತ್ತಿತ್ತೇ?

ಮಾದರಿ ರೈಲು ಸಿರಿವಂತರ ಆಟವೆಂದು ಕೆಲವರು ಹೇಳುವರು. ಅಂಗಡಿಯ ಎಂಜಿನ್ನುಗಳ ಬೆಲೆ ಹೆಚ್ಚೆಂಬುದು ನಿಜ. ಆದರೆ ರಟ್ಟಿನ ಬೋಗಿ, ಬಿದಿರುಕಡ್ಡಿಯ ಹಳಿ, ಒಂದು ಸಣ್ಣ ಮೋಟಾರು, ಎರಡು ಬ್ಯಾಟರಿಗಳಿಂದಲೂ ಆರಂಭ ಸಾಧ್ಯ. ಮೊಬೈಲಿನ ಪರದೆಯ ಮೇಲೆಯೇ ರೈಲು ಓಡಿಸಬಹುದಲ್ಲ ಎಂದು ಮತ್ತೆ ಕೆಲವರು ಕೇಳಬಹುದು. ಪರದೆಯ ರೈಲನ್ನು ಬೇರೆಯವರು ಕಟ್ಟಿರುತ್ತಾರೆ. ತಾನೇ ಕಟ್ಟಿದ ರೈಲು ಹಳಿ ತಪ್ಪಿದಾಗ ಮಗು ಬಗ್ಗಿ ನೋಡಿ ಕಾರಣವನ್ನು ತಾನೇ ಹುಡುಕಬೇಕು. ಆ ಹುಡುಕಾಟವೇ ನಿಜವಾದ ವಿದ್ಯೆ.

ಇದಕ್ಕೆ ದೂರದ ದೇಶದ ನಿದರ್ಶನವೂ ಉಂಟು. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿಗಳು 1946ರಲ್ಲಿ ಮಾದರಿ ರೈಲಿನ ಸಂಘವೊಂದನ್ನು ಕಟ್ಟಿದರು. ಹಳಿಗಳ ಕೆಳಗಿನ ತಂತಿಗಳನ್ನು ಬಿಡಿಸಿ ಜೋಡಿಸುತ್ತಿದ್ದ ಆ ಸಂಘದ ಯುವಕರಲ್ಲಿ ಹಲವರು ಮುಂದೆ ಗಣಕಯಂತ್ರಗಳ ಆರಂಭಕಾಲದ ಕುಶಲಿಗಳಾದರು.

ಸವದತ್ತಿಗೆ ಇನ್ನೂ ರೈಲುಮಾರ್ಗವಿಲ್ಲ. ಅಲ್ಲಿನ ಮಕ್ಕಳು ರೈಲು ನೋಡಲು ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಹುಬ್ಬಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ರೈಲ್ವೆ ಕಾರ್ಖಾನೆಯಿದೆ. ಅಲ್ಲಿ ದುಡಿದು ನಿವೃತ್ತರಾದವರ ಕೈಯ ಕಸುಬು ಅವರೊಂದಿಗೇ ಮರೆಯಾಗಬಾರದು. ಅಂಥ ಹಿರಿಯರನ್ನು ಶಾಲೆಗೆ ಕರೆತಂದು, ವಾರಕ್ಕೊಂದು ಗಂಟೆ ಮಕ್ಕಳೊಂದಿಗೆ ಕುಳ್ಳಿರಿಸುವುದು ದುಬಾರಿಯ ಯೋಜನೆಯೇನಲ್ಲ. ಎಳೆಯರು ಬರಲಿಲ್ಲವೆಂದು ಕೊರಗುವುದಕ್ಕಿಂತ ಅವರ ಕೈಗೆ ರಟ್ಟು, ಕತ್ತರಿ, ತಂತಿಗಳನ್ನು ಕೊಡುವುದು ಲೇಸು. ಹಳಿಯಿಲ್ಲದ ಊರಿನಲ್ಲಿಯೂ ಆಗ ರೈಲು ಓಡುವುದು.