ವಿಶ್ವವಿದ್ಯಾಲಯದ ಆಡಳಿತದಲ್ಲಿ ನೌಕರರ ಪಾತ್ರ: ವರ್ತಕರಿಗೂ ಸಂಬಂಧಿಸಿದ ವಿಷಯ

ವಿಶ್ವವಿದ್ಯಾಲಯದ ಆಡಳಿತಕ್ಕೂ ಚಳ್ಳಕೆರೆಯ ಎಣ್ಣೆ ಗಿರಣಿಗೂ ಮೊಳಕಾಲ್ಮೂರಿನ ರೇಷ್ಮೆ ಮಗ್ಗಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ನಮ್ಮ ಅಂಗಡಿ, ಗಿರಣಿ, ಮಂಡಿಗಳಲ್ಲಿ ಲೆಕ್ಕ ಬರೆಯುವವರು, ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವರು, ಬ್ಯಾಂಕಿಗೆ ದಾಸ್ತಾನು ಪಟ್ಟಿ ಸಿದ್ಧಪಡಿಸುವವರು ಅನೇಕರು ಈ ಎರಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದಿದ ವಾಣಿಜ್ಯ ಪದವೀಧರರು. ಅವರ ಪಠ್ಯಕ್ರಮ, ಪರೀಕ್ಷೆ, ಅಂಕಪಟ್ಟಿ, ಪದವಿ ಎಲ್ಲವೂ ವಿಶ್ವವಿದ್ಯಾಲಯದ ಕೈಯಲ್ಲಿವೆ. ಅಲ್ಲಿನ ಲೋಪಕ್ಕೆ ಕೊನೆಯಲ್ಲಿ ಬೆಲೆ ತೆರುವವರು ವಿದ್ಯಾರ್ಥಿಗಳು ಮತ್ತು ಅವರಿಗೆ ಉದ್ಯೋಗ ನೀಡುವ ನಾವು.

ನಮ್ಮ ಭಾಗದ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ರೂಪುಗೊಂಡು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದರ ಅಧೀನಕ್ಕೆ ಬಂದವು. ಹೀಗೆ ವಿಶ್ವವಿದ್ಯಾಲಯವು ಹಂತಹಂತವಾಗಿ ನಮ್ಮ ಸಮೀಪಕ್ಕೆ ಬಂದಿದೆ. ಆದರೆ ತರಗತಿಯಲ್ಲಿ ಪಾಠ ಹೇಳುವವರ ಮತ್ತು ಪರೀಕ್ಷಾ ವಿಭಾಗದಲ್ಲಿ ಕಡತ ನೋಡುವವರ ಮಾತು ಆಡಳಿತ ಮಂಡಳಿಯ ಮೇಜಿಗೆ ಅಷ್ಟೇ ಸಮೀಪ ಬಂದಿದೆಯೇ ಎಂಬುದನ್ನು ವಿಚಾರ ಮಾಡಬೇಕಾಗಿದೆ.

1976ನೆಯ ಇಸವಿ ಈ ದೃಷ್ಟಿಯಿಂದ ಗಮನಾರ್ಹ. ಆ ವರ್ಷ ಸಂವಿಧಾನದ 42ನೆಯ ತಿದ್ದುಪಡಿಯ ಮೂಲಕ 43ಎ ವಿಧಿ ಸೇರ್ಪಡೆಯಾಯಿತು. ಉದ್ದಿಮೆಗಳ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಗೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂಬುದು ಅದರ ಆಶಯ. ಅದೇ ವರ್ಷದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಜೊತೆಗೆ, ಚುನಾಯಿತರಿಗೂ ಸ್ಥಾನವಿದ್ದ ಸೆನೆಟ್ ಎಂಬ ವಿಶಾಲ ಸಭೆಯಿತ್ತು. ಇಂದು ಜಾರಿಯಲ್ಲಿರುವ 2000ದ ಕಾಯ್ದೆಯಲ್ಲಿ ಸೆನೆಟ್ ಇಲ್ಲ. ಅಧಿಕಾರ ಸಿಂಡಿಕೇಟಿನಲ್ಲಿ ಕೇಂದ್ರೀಕೃತವಾಗಿದೆ. ಅದರಲ್ಲಿ ಕುಲಪತಿಗಳು, ಇಲಾಖೆಯ ಅಧಿಕಾರಿಗಳು, ಸರ್ಕಾರದ ಹಾಗೂ ಕುಲಾಧಿಪತಿಗಳ ನಾಮನಿರ್ದೇಶಿತರು, ಸರದಿಯ ಮೇಲೆ ಬರುವ ಡೀನರು ಮತ್ತು ಪ್ರಾಂಶುಪಾಲರು ಇರುತ್ತಾರೆ. ಬೋಧಕರೂ ಬೋಧಕೇತರ ನೌಕರರೂ ತಾವೇ ಆರಿಸಿ ಕಳುಹಿಸಿದ ಪ್ರತಿನಿಧಿ ಅಲ್ಲಿಲ್ಲ. ನಾಮನಿರ್ದೇಶಿತ ಸದಸ್ಯರು ಯೋಗ್ಯರಲ್ಲವೆಂದು ನನ್ನ ಅಭಿಪ್ರಾಯವಲ್ಲ. ಆದರೆ ನೇಮಿಸಿದವರಿಗೆ ಉತ್ತರ ಹೇಳಬೇಕಾದವನ ನಡೆಗೂ ಆರಿಸಿದವರಿಗೆ ಉತ್ತರ ಹೇಳಬೇಕಾದವನ ನಡೆಗೂ ವ್ಯತ್ಯಾಸವಿದ್ದೇ ಇರುತ್ತದೆ.

"ಕೆಲಸದವರನ್ನು ಮಾಲೀಕರ ಕೋಣೆಗೆ ಕರೆದರೆ ಸಂಸ್ಥೆ ಉಳಿದೀತೇ?" ಎಂದು ನಮ್ಮಲ್ಲಿ ಕೆಲವರು ಕೇಳಿಯಾರು. ನಾನು ಲೆಕ್ಕಪರಿಶೋಧನೆ ಮಾಡುತ್ತಿದ್ದ ಒಂದು ಎಣ್ಣೆ ಗಿರಣಿಯಲ್ಲಿ ಒಮ್ಮೆ ಶೇಂಗಾ ಎಣ್ಣೆಯ ಇಳುವರಿ ಕುಸಿದಿತ್ತು. ಮಾಲೀಕರು ಬೀಜದ ಗುಣಮಟ್ಟವನ್ನು ದೂರಿದರು; ನಾನು ದಾಸ್ತಾನು ಪುಸ್ತಕದಲ್ಲಿ ತಪ್ಪು ಹುಡುಕಿದೆ. ಎಕ್ಸ್‌ಪೆಲ್ಲರ್ ಮುಂದೆ ನಿಲ್ಲುವ ಕೆಲಸಗಾರನನ್ನು ಕೇಳಿದಾಗ, ಸ್ಕ್ರೂ ಸವೆದು ಹಿಂಡಿಯಲ್ಲೇ ಎಣ್ಣೆ ಉಳಿಯುತ್ತಿದೆ ಎಂದ. ಮೊದಲೇ ಏಕೆ ಹೇಳಲಿಲ್ಲವೆಂದರೆ, "ನನ್ನನ್ನು ಯಾರೂ ಕೇಳಲಿಲ್ಲ ಸ್ವಾಮಿ" ಎಂದು ಉತ್ತರಿಸಿದ. ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿ ಎಲ್ಲಿ ನಿಂತಿದೆಯೆಂದು ತಿಳಿದಿರುವವನೂ ಇಂಥ ಒಬ್ಬ ಗುಮಾಸ್ತನೇ.

ಮೊಳಕಾಲ್ಮೂರಿನ ಓದುಗರಿಗೆ ನೇಕಾರರ ಸಹಕಾರ ಸಂಘಗಳ ಪರಿಚಯವಿದೆ. ಅಲ್ಲಿ ಮಗ್ಗದ ಮುಂದೆ ಕೂರುವವನೇ ಷೇರುದಾರ. ಆಡಳಿತ ಮಂಡಳಿ ಅವನ ಮತದಿಂದಲೇ ಆಯ್ಕೆಯಾಗುತ್ತದೆ. ಸಹಕಾರ ಕ್ಷೇತ್ರದಲ್ಲಿ ಏಳಿಗೆ ಹೊಂದಿದ ಸಂಘಗಳಿರುವಂತೆ ನಷ್ಟಕ್ಕೆ ಗುರಿಯಾದವುಗಳೂ ಇವೆ. ನಷ್ಟಕ್ಕೆ ಸದಸ್ಯರ ಮತಾಧಿಕಾರವೇ ಕಾರಣವಾದದ್ದನ್ನು ನಾನು ಕಂಡದ್ದು ವಿರಳ. ಲೆಕ್ಕಪತ್ರಗಳನ್ನು ಸದಸ್ಯರ ಮುಂದಿಡದೆ ಹೋದದ್ದು ಕಾರಣವಾದದ್ದನ್ನು ಹಲವು ಬಾರಿ ಕಂಡಿದ್ದೇನೆ. ಲೆಕ್ಕದ ಅರಿವಿಲ್ಲದ ಪ್ರಾತಿನಿಧ್ಯ ಗುಂಪುಗಾರಿಕೆಗೆ ಇಳಿಯುತ್ತದೆ; ಕೇಳುವವರಿಲ್ಲದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ಬ್ಯಾಂಕುಗಳ ಉದಾಹರಣೆಯೂ ನಮ್ಮ ಮುಂದಿದೆ. 1969ರಲ್ಲಿ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ನಮ್ಮ ನಾಡಿನ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. 1970ರ ಕಾಯ್ದೆಯು ರಾಷ್ಟ್ರೀಕೃತ ಬ್ಯಾಂಕುಗಳ ನಿರ್ದೇಶಕ ಮಂಡಳಿಯಲ್ಲಿ ಕಾರ್ಮಿಕ ನೌಕರರ ಪರವಾಗಿ ಒಬ್ಬರಿಗೆ, ಅಧಿಕಾರಿಗಳ ಪರವಾಗಿ ಒಬ್ಬರಿಗೆ ಸ್ಥಾನ ಕಲ್ಪಿಸಿದೆ. ಇದರಿಂದ ಬ್ಯಾಂಕುಗಳು ಮುಳುಗಲಿಲ್ಲ. ಆದರೆ 2014ರ ನಂತರ ಬಹುತೇಕ ಬ್ಯಾಂಕುಗಳಲ್ಲಿ ಈ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿದವು. ಕಾಯ್ದೆಯಲ್ಲಿ ಬರೆದರಷ್ಟೇ ಸಾಲದು, ಅದನ್ನು ತುಂಬುವ ಕಾಲಮಿತಿಯೂ ಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಈ ವಾದಕ್ಕೆ ಎರಡು ಪ್ರಬಲ ಆಕ್ಷೇಪಗಳಿವೆ. ಚುನಾವಣೆ ಬಂದರೆ ಜಾತಿ, ಪಕ್ಷ, ಬಣಗಳೂ ಬರುತ್ತವೆ ಎಂಬುದು ಮೊದಲನೆಯದು. ನೌಕರರು ತಮ್ಮ ವೇತನ, ಬಡ್ತಿಗಳನ್ನೇ ನೋಡಿಕೊಳ್ಳುತ್ತಾರೆ ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ನಾಮನಿರ್ದೇಶನದಲ್ಲಿ ಜಾತಿ, ಪಕ್ಷಗಳ ಲೆಕ್ಕಾಚಾರ ಇರುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು? ಎರಡನೆಯದಕ್ಕೆ ನಮ್ಮ ಕಂಪನಿ ಕಾಯ್ದೆಯಲ್ಲೇ ಮದ್ದಿದೆ. 2013ರ ಕಾಯ್ದೆಯ 184ನೆಯ ಕಲಮಿನಂತೆ ನಿರ್ದೇಶಕನು ತನ್ನ ಹಿತಾಸಕ್ತಿಯನ್ನು ಮಂಡಳಿಗೆ ತಿಳಿಸಬೇಕು. ಸಾರ್ವಜನಿಕ ಕಂಪನಿಯಲ್ಲಿ ಆ ವಿಷಯದ ಚರ್ಚೆಯಿಂದ ದೂರವಿರಬೇಕು. ಸಿಂಡಿಕೇಟಿನ ನೌಕರ ಪ್ರತಿನಿಧಿಗೂ ಇದೇ ನಿಯಮ ಅನ್ವಯಿಸಲಿ.

ಹೊರದೇಶದಲ್ಲಿಯೂ ಈ ಚರ್ಚೆ ನಡೆದಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಕರು ಮತ್ತು ಹಿರಿಯ ಸಿಬ್ಬಂದಿಯನ್ನೊಳಗೊಂಡ ಸಭೆಯೇ ಪರಮಾಧಿಕಾರ ಹೊಂದಿದೆ. ಆಡಳಿತ ಮಂಡಳಿಯಲ್ಲಿ ಹೊರಗಿನವರಿಗೆ ಬಹುಮತ ನೀಡುವ ಕುಲಪತಿಗಳ ಪ್ರಸ್ತಾವವನ್ನು 2006ರಲ್ಲಿ ಆ ಸಭೆ ತಿರಸ್ಕರಿಸಿತು. ಹಣಕಾಸಿನ ಮೇಲೆ ಹೊರಗಿನವರ ಕಣ್ಣಿರಬೇಕೆಂಬುದು ಲೆಕ್ಕಪರಿಶೋಧಕನಾದ ನನ್ನ ನಿಲುವು. ಆದ್ದರಿಂದ ಆಕ್ಸ್‌ಫರ್ಡ್ ಮಾದರಿಯನ್ನು ಪೂರ್ಣವಾಗಿ ಒಪ್ಪಲಾರೆ. ನಮ್ಮಲ್ಲಿರುವುದು ಇನ್ನೊಂದು ತುದಿ. ನಡುವಿನ ದಾರಿಯೇ ಲೇಸು.

ಇದೇಕೆ ತುರ್ತಿನ ವಿಷಯವೆಂದರೆ, ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಬಂದಿತು. 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ತೀರ್ಮಾನ ಸರ್ಕಾರದ್ದಾದರೂ ಪಠ್ಯ, ವೇಳಾಪಟ್ಟಿ, ಪರೀಕ್ಷೆಗಳ ಹೊರೆ ಕಾಲೇಜುಗಳ ಮೇಲೆ ಬಿದ್ದಿತು. ಸರ್ಕಾರಿ ಕಾಲೇಜುಗಳಲ್ಲಿ ಆ ಹೊರೆಯ ದೊಡ್ಡ ಪಾಲನ್ನು ಹೊರುವವರು ಅತಿಥಿ ಉಪನ್ಯಾಸಕರು. 2023ರ ನವೆಂಬರಿನಲ್ಲಿ ಸೇವಾ ಕಾಯಮಾತಿಗಾಗಿ ಅವರು ಆರಂಭಿಸಿದ ಮುಷ್ಕರ 2024ರ ಜನವರಿಯವರೆಗೂ ಮುಂದುವರಿಯಿತು, ಪಾಠಗಳು ನಿಂತವು. ಅವರನ್ನು ನೇಮಿಸುವುದು ಇಲಾಖೆ, ಅವರು ಬೋಧಿಸುವುದು ವಿಶ್ವವಿದ್ಯಾಲಯದ ಪಠ್ಯ; ಎರಡೂ ಕಡೆ ಅವರಿಗೆ ಆಸನವಿಲ್ಲ. ಮಾತನಾಡಲು ಮೇಜಿಲ್ಲದವರು ಬೀದಿಗೆ ಇಳಿಯುವುದರಲ್ಲಿ ಆಶ್ಚರ್ಯವೇನಿದೆ?

ಈ ಹಿನ್ನೆಲೆಯಲ್ಲಿ ನನ್ನ ಸಲಹೆಗಳು ಇಷ್ಟೇ. ಒಂದು, ಸಿಂಡಿಕೇಟಿನಲ್ಲಿ ಇಬ್ಬರು ಚುನಾಯಿತ ಬೋಧಕರು ಮತ್ತು ಒಬ್ಬ ಚುನಾಯಿತ ಬೋಧಕೇತರ ನೌಕರನಿಗೆ ಸ್ಥಾನವಿರಲಿ. ಬೋಧಕರಲ್ಲಿ ಒಬ್ಬರು ತಾಲ್ಲೂಕು ಮಟ್ಟದ ಸಂಯೋಜಿತ ಕಾಲೇಜಿನವರಾಗಿರಲಿ. ಎರಡು, ನಿಗದಿತ ಅವಧಿಯ ಸೇವೆ ಸಲ್ಲಿಸಿದ ಅತಿಥಿ ಉಪನ್ಯಾಸಕರಿಗೂ ಮತಾಧಿಕಾರ ಸಿಗಲಿ. ಮೂರು, ಸದಸ್ಯತ್ವ ಒಂದೇ ಅವಧಿಗೆ ಸೀಮಿತವಾಗಿರಲಿ. ಸ್ಥಾನ ತೆರವಾದರೆ ಮೂರು ತಿಂಗಳಲ್ಲಿ ತುಂಬುವುದು ಕಡ್ಡಾಯವಾಗಲಿ. ನಾಲ್ಕು, ಸಿಂಡಿಕೇಟಿನ ನಡವಳಿಗಳೂ ಪರಿಶೋಧಿತ ವಾರ್ಷಿಕ ಲೆಕ್ಕಪತ್ರಗಳೂ ಕನ್ನಡದಲ್ಲಿ, ಎಲ್ಲ ಕಾಲೇಜುಗಳಲ್ಲಿ ಲಭ್ಯವಾಗಲಿ.

ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಕು. ಅದು ಶಾಸಕಾಂಗದ ಕೆಲಸ. ಆದರೆ ಮಾರುಕಟ್ಟೆ ಸೆಸ್ಸಿನ ವಿಷಯದಲ್ಲಿ, ವಿದ್ಯುತ್ ದರದ ವಿಷಯದಲ್ಲಿ ಮನವಿ ಸಲ್ಲಿಸುವ ನಾವು ಇದರಲ್ಲಿಯೂ ಒಂದು ಮನವಿ ಸಲ್ಲಿಸಬಹುದಲ್ಲವೇ? ಚಳ್ಳಕೆರೆಯ ಸಮೀಪ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅದು ನಮಗೆ ಹೆಮ್ಮೆ. ಆದರೆ ನಮ್ಮ ಬಹುಪಾಲು ಮಕ್ಕಳ ಭವಿಷ್ಯ ನಿಂತಿರುವುದು ತಾಲ್ಲೂಕಿನ ಪದವಿ ಕಾಲೇಜಿನ ಮೇಲೆ. ಅಲ್ಲಿ ಸ್ಕ್ರೂ ಎಲ್ಲಿ ಸವೆದಿದೆಯೆಂದು ಬಲ್ಲವರನ್ನು ಕೇಳುವ ಏರ್ಪಾಡು ಆಗಲಿ. ಈ ವಿಷಯವನ್ನು ಸಂಘದ ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇನೆ.